ಸ್ಪಿಂಡಲ್ ಎಣ್ಣೆ

"ಇನ್ನೂ ಕೂಗ್ತಾನೇ ಐತಲ್ಲ ಈ ಮುಂಡೇದು," ಎಂದು ಅನಂತರಾಜು ಮಿಷನ್ನಿನ ಮೇಲೆ ಬಾಗಿದ. ಕುಯ್ಯೋ ಎನ್ನುವ ಸಣ್ಣ ಸದ್ದು. ಮನೆಯ ಹಿಂದಿನ ಶೀಟಿನ ಕೋಣೆಯಲ್ಲಿ ರೇಷ್ಮೆ ನೂಲಿಗೆ ಹುರಿ ಹಾಕುವ ಆ ಮಿಷನ್ ಎಷ್ಟೋ ವರ್ಷಗಳಿಂದ ಗದ್ದಲ ಮಾಡಿಕೊಂಡೇ ಬಂದಿತ್ತು. ಅಷ್ಟು ಗದ್ದಲದಲ್ಲೂ ಅವನಿಗೆ ಇದೊಂದು ಬೇರೆಯಾಗಿ ಕೇಳುತ್ತಿತ್ತು. ಸಾಲಾಗಿ ತಿರುಗುವ ಕದಿರುಗಳಲ್ಲಿ ಯಾವ ಸ್ಪಿಂಡಲ್ಲಿನದು ಎಂದೇ ತಿಳಿಯದು. ಈ ತುದಿಗೆ ಬಂದರೆ ಆ ತುದಿಯಲ್ಲಿ ಅನ್ನಿಸುತ್ತಿತ್ತು.

"ನಂಗೇನೂ ಕೇಳ್ತಿಲ್ಲ ಕಣ್ರೀ," ಎಂದಳು ಹೆಂಡತಿ ಲತಾಮಣಿ, ಕಡಿದ ಎಳೆಗೆ ಗಂಟು ಹಾಕುತ್ತಾ.

"ನಿಂಗೆ ಯಾವತ್ತು ಕೇಳಿತ್ತಮ್ಮಿ?"

ಹೆಂಡತಿಯ ಮೇಲೆ ಸಿಡುಕುವುದು ಸುಲಭ. ಎಣ್ಣೆ ಆರಿಸುವುದು ಅಷ್ಟು ಸುಲಭವಲ್ಲ. ಮೊದಲು ಟ್ರ್ಯಾಕ್ಟರಿನ ಎಂಜಿನ್ ಆಯಿಲ್ ಬಿಟ್ಟ. ಅದು ಮಂದ, ಸ್ಪಿಂಡಲ್‌ಗಳು ಬಿಸಿಯಾಗಿ ತಿಣುಕಿದವು. ರಾಮನಗರದ ಮಾರ್ಕೆಟ್ಟಿನಿಂದ ಹೊಲಿಗೆ ಮಿಷನ್ನಿನ ಎಣ್ಣೆ ತಂದು ಧಾರಾಳವಾಗಿ ಸುರಿದ. ಅದು ಸಿಡಿದು ನೂಲಿಗೆಲ್ಲ ಕಲೆ ಕಟ್ಟಿತು. ನೂಲು ಕೊಡುವ ಸಾಹುಕಾರ ಮುಖಕ್ಕೆ ಹೊಡೆದ ಹಾಗೆ ಮಾತಾಡಿದ. ಅದಕ್ಕೇನೂ ಅನಂತರಾಜು ಹೆದರಲಿಲ್ಲ. ಅವನ ಹೆದರಿಕೆಯೆಲ್ಲ ಪಕ್ಕದ ಬೀದಿಯ ಕೆಂಪಯ್ಯನನ್ನು ಕಂಡು. ಜೀವಮಾನವಿಡೀ ಹುರಿ ಮಿಷನ್ ನಡೆಸಿದ ಆ ಮುದುಕನ ಕಿವಿ ಪೂರಾ ಹೋಗಿತ್ತು. ಮೊಮ್ಮಗಳು ಮಾತಾಡಿಸಬೇಕಾದರೂ ಭುಜ ಹಿಡಿದು ಅಲ್ಲಾಡಿಸುತ್ತಿದ್ದಳು. ಸೊಸೆ ಎದುರಿಗೇ ನಿಂತು ಬೈಯುತ್ತಿದ್ದಳು. ಇದು ಮಿಷನ್ನಿನ ಸದ್ದೇ ಆಗಿರಲಪ್ಪ ದೇವರೇ ಎಂದು ಅನಂತರಾಜು ಒಳಗೊಳಗೇ ಬೇಡಿಕೊಳ್ಳುತ್ತಿದ್ದ.

ಮೆಕ್ಯಾನಿಕ್ ರಸೂಲ್ ಬಂದ. ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದ ತಮ್ಮನನ್ನು ಕೇಳಿ, ಸ್ಪಿಂಡಲ್ಲಿಗೇ ಎಂದು ಮಾಡಿದ ಎಣ್ಣೆ ತಂದಿದ್ದ.

"ಇಷ್ಟು ಜೋರಾಗಿ ತಿರುಗೋದಕ್ಕೆ ತೆಳ್ಳಗಿನ ಎಣ್ಣೆನೇ ಬೇಕು ರಾಜಣ್ಣ. ಆದ್ರೆ ಒಂದೊಂದು ತೊಟ್ಟು, ಅಷ್ಟೇ. ನೀವು ಸುರ್ದ್‌ಬುಟ್ಟಿದ್ದೀರ."

ಹಳೆಯದನ್ನೆಲ್ಲ ಒರೆಸಿ ತೆಗೆದು, ಹೊಸದನ್ನು ಬಿಟ್ಟು, ಸ್ವಿಚ್ ಹಾಕಿದ.

"ಹೆಂಗೆ?"

"ಐತೆ," ಎಂದ ಅನಂತರಾಜು.

ರಸೂಲ್ ಸ್ಕ್ರೂಡ್ರೈವರಿನ ತುದಿಯನ್ನು ಒಂದೊಂದೇ ಬೇರಿಂಗಿಗೆ ಊರಿ, ಹಿಡಿಯನ್ನು ಕಿವಿಗಿಟ್ಟುಕೊಂಡು ಸಾಲಿನುದ್ದಕ್ಕೂ ಹೋದ.

"ಬೆಣ್ಣೆ ಇದ್ದಂಗೆ ಓಡ್ತಾ ಐತೆ. ಕೆಂಪಯ್ಯನೋರೂ ಮೊದಮೊದಲು ಹಿಂಗೇ. ಎಣ್ಣೆ ಬದಲಾಯ್ಸಿ ಬದಲಾಯ್ಸಿ ನನ್ನ ಜೀವ ತಿಂದಿದ್ರು." ನಗುತ್ತಲೇ ಹೇಳಿ ಮಿಷನ್ ನಿಲ್ಲಿಸಿದ.

ಸ್ಪಿಂಡಲ್‌ಗಳು ನಿಧಾನವಾಗಿ ನಿಂತವು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಅವಳ ಕೂಗು ಮರೆಯಾದ ಮೇಲೂ ಕುಯ್ಯೋ ಎನ್ನುವುದು ಹಾಗೇ ಇತ್ತು, ಮೊದಲಿಗಿಂತ ಸ್ಪಷ್ಟವಾಗಿ.

ಲತಾಮಣಿ ಗಂಡನ ಮುಖವನ್ನೇ ನೋಡುತ್ತಿದ್ದಳು. "ಯಾಕ್ರೀ?"

"ಏನಿಲ್ಲ. ಇನ್ನೊಂದ್ಸಲ ಹಾಕು ಭಾಯ್."

ಮಿಷನ್ ಮತ್ತೆ ಗದ್ದಲವೆಬ್ಬಿಸಿತು. ಬಾಯಿಬಿಟ್ಟು ಹೇಳಿದರೆ ಅದು ನಿಜವೇ ಆಗಿಬಿಡುತ್ತದೆ ಎಂದು ಅವನಿಗೆ ಭಯವಾಯಿತು. ಬಾಗಿ ಕೇಳಿಸಿಕೊಂಡವನಂತೆ ಮಾಡಿ ನೆಟ್ಟಗೆ ನಿಂತ.

"ನಿಂತೋಯ್ತು. ಈ ಎಣ್ಣೆನೇ ಸರಿ ನೋಡು," ಎಂದ.

"ಅಬ್ಬ, ಬದುಕಿದೆ," ಎಂದಳು ಲತಾಮಣಿ. ಎಷ್ಟೋ ದಿನದ ಮೇಲೆ ಅವಳ ಮುಖ ಗೆಲುವಾಗಿತ್ತು. ರಸೂಲನಿಗೆ ಟೀ ಕೊಟ್ಟು ಕಳಿಸಿ, ಹಳೆಯ ಎಣ್ಣೆ ಡಬ್ಬಗಳನ್ನೆಲ್ಲ ಗುಜರಿಯ ಚೀಲಕ್ಕೆ ಹಾಕಿದಳು.

ಮಧ್ಯಾಹ್ನದ ಹೊತ್ತಿಗೆ ನೂಲು ಮುಗಿಯಿತು. ಲತಾಮಣಿ ಬಾಗಿಲಿಗೆ ಬಂದು, "ಆಫ್ ಮಾಡ್ಬುಟ್ಟು ಬನ್ನಿ, ಮುದ್ದೆ ಆರೋಯ್ತದೆ," ಎಂದು ಗಟ್ಟಿಯಾಗಿ ಕೂಗಿದಳು.

"ಒಸಿ ತಡಿ. ಬತ್ತೀನಿ."

ಅವನ ಕೈ ಸ್ವಿಚ್ಚಿನ ಮೇಲೇ ಇತ್ತು. ನೂಲಿಲ್ಲದ ಬಾಬಿನ್‌ಗಳು ಸುಮ್ಮನೆ ತಿರುಗುತ್ತಲೇ ಇದ್ದವು.