ನಲವತ್ತನೆಯ ದಿಮ್ಮಿ

ಸಾಹೇಬರ ಹೆಣದ ಬಳಿ ಹೂವಿಟ್ಟು ಏಳುತ್ತಿದ್ದ ಅವರ ಕಚೇರಿಯ ಗುಮಾಸ್ತೆಯ ಕೈಯನ್ನು ಸತ್ತವರ ಹೆಂಡತಿ ಗಟ್ಟಿಯಾಗಿ ಹಿಡಿದುಕೊಂಡರು.

"ಕೊನೇವರೆಗೂ ಒಂದೇ ಮಾತು ಕಣಮ್ಮ. ಮೂವತ್ತೊಂಬತ್ತು ಸಿಕ್ತು, ಇನ್ನೊಂದು ಸಿಗಲಿಲ್ಲ ಅಂತ. ಏನದು, ನಿಂಗೊತ್ತಾ?"

"ಇಲ್ಲಮ್ಮ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪಾಡು ಅವಳದು.

"ಮದುವೆ ಮನೇಲೂ ಕೂತೋರನ್ನ ಎಬ್ಬಿಸಿ ಕುರ್ಚಿ ಮಗುಚಿ ನೋಡೋರು," ಎಂದರು ಪಕ್ಕದ ಮನೆಯವರು. "ಎಲ್ಲಿ ಕಡಿದ ಮರ, ಯಾವ ಮಿಲ್ಲಲ್ಲಿ ಕುಯ್ದದ್ದು, ಪೂರ್ತಿ ಜಾತಕ ಹೇಳೋರು."

ಯಾರೋ ನಕ್ಕು ನಾಲಿಗೆ ಕಚ್ಚಿಕೊಂಡರು. ಸತ್ತ ಸಾಹೇಬರ ಉದ್ಯೋಗವೇ ಅದಾಗಿತ್ತು. ದೇಶದಲ್ಲಿ ಉರುಳಿದ ಪ್ರತಿ ದಿಮ್ಮಿ ಯಾವ ಕಾರ್ಖಾನೆ ಸೇರಿತು, ಏನಾಗಿ ಹೊರಬಂತು ಎಂದು ಮೂವತ್ತು ವರ್ಷ ಬೆನ್ನು ಹತ್ತಿದ್ದರು.

*

ಗೆದ್ದಲು ಹತ್ತದಂತೆ ವಿಷ ಕುಡಿಸಿದ ನಲವತ್ತು ದಿಮ್ಮಿಗಳು ಬೇಲಿಗೂಟದ ಮಿಲ್ಲಿಗೆ ಹೋಗಬೇಕಿತ್ತು. ಆ ಮಿಲ್ಲಿನ ಅಂಕಿ ೬. ರವಾನೆ ಚೀಟಿಯಲ್ಲಿ ಗುಮಾಸ್ತೆ ಅವಸರದಲ್ಲಿ ಬಾಲ ತಿರುಗಿಸಿ ಬರೆದದ್ದು ೯ ಆಯಿತು. ಒಂಬತ್ತು ಎಂದರೆ ತೊಟ್ಟಿಲು ಕಾರ್ಖಾನೆ.

ತಪ್ಪು ಗೊತ್ತಾದ ದಿನ ಸಾಹೇಬರು ಬಾಗಿಲು ಮುಚ್ಚಿಕೊಂಡು ಹೇಳಿದ್ದರು, "ಯಾರಿಗೂ ಹೇಳ್ಬೇಡ, ನಾನೇ ಹುಡುಕ್ತೀನಿ. ನಿನ್ನ ಕೆಲಸ ಹೋದ್ರೆ ಮನೆ ನಡೆಸೋರ್ಯಾರು?"

ಊರೂರು ಅಲೆದು ಹಾಸಿಗೆ ಹಿಡಿದರು. ಸಿಗದೆ ಉಳಿದ ಒಂದು ದಿಮ್ಮಿಯೆಂದರೆ ಐದಾರು ತೊಟ್ಟಿಲು. ಹೆದರಿ ಹೆದರಿ ಅವಳು ಬಾಯಿಗೆ ಬೀಗ ಹಾಕಿಕೊಂಡೇ ಉಳಿದಳು.

*

ಒಳಕೋಣೆಯಲ್ಲಿ ಮಗು ಕೇಕೆ ಹಾಕಿತು. ಗುಮಾಸ್ತೆ ಅತ್ತ ಹೋದಳು. ಬೆಳಿಗ್ಗೆಯಷ್ಟೇ ಮಗು, ತೊಟ್ಟಿಲ ಸಮೇತ ಪರ ಊರಿನಿಂದ ಬಂದ ಸತ್ತವರ ಮಗಳು ಪಕ್ಕದಲ್ಲಿದ್ದಳು. ಮಗು ತೊಟ್ಟಿಲ ಅಂಚು ಹಿಡಿದು ನಿಂತು ಕಚ್ಚುತ್ತಿತ್ತು.

"ಹಲ್ಲು ಬರ್ತಿದೆ ಅಕ್ಕ, ಸಿಕ್ಕಿದ್ದೆಲ್ಲ ಕಡಿಯುತ್ತೆ."

"ತೊಟ್ಟಿಲು ಹೊಸದಾ?"

"ಹೋದ ತಿಂಗಳು ತಗೊಂಡದ್ದು. ಅಪ್ಪ ಆಸ್ಪತ್ರೇಲಿದ್ರು, ನೋಡ್ಲೇ ಇಲ್ಲ."

ಗುಮಾಸ್ತೆ ಬಗ್ಗಿ ತೊಟ್ಟಿಲ ಅಂಚು ಮುಟ್ಟಿ ನೋಡಿದಳು. ಹೊರಗೆ ಹೆಣ ಎತ್ತುವವರು ಹೆಗಲು ಕೊಡುತ್ತಿದ್ದರು. ಸುಮ್ಮನೆ ಅವರ ಹಿಂದೆ ನಡೆದುಬಿಟ್ಟರೆ ಗುಟ್ಟೂ ಮಣ್ಣಾಗುತ್ತಿತ್ತು. ಇದು ಆ ಮರವೇ ಅಲ್ಲದಿರಬಹುದು ಕೂಡ.

"ನೀವು ಬರಲ್ವಾ?" ಎಂದು ಯಾರೋ ಕರೆದರು.

"ಮಗೂನ ಎತ್ಕೊ," ಎಂದಳು ಗುಮಾಸ್ತೆ. "ಮೊದಲು ಎತ್ಕೊಮ್ಮ. ನಿಮ್ಮಪ್ಪ ಹುಡುಕ್ತಿದ್ದದ್ದು ವಿಷದ ಮರ. ಅದನ್ನ ತೊಟ್ಟಿಲು ಕಾರ್ಖಾನೆಗೆ ಬರೆದು ಕಳಿಸಿದ್ದು ನಾನು."

ಮಗಳು ಮಗುವನ್ನು ಸೆಳೆದುಕೊಂಡು ಅದರ ಬಾಯಿಗೆ ಬೆರಳು ಹಾಕಿದಳು. ಬೆರಳ ತುದಿಗೆ ಕೆಂಪು ಬಣ್ಣದ ಚೂರೊಂದು ಅಂಟಿಕೊಂಡು ಬಂತು. ಜೊತೆಗೆ ಜೊಲ್ಲಿನಲ್ಲಿ ನೆನೆದ ಸಣ್ಣ ಮರದ ಸಿಬಿರು.