ದೇವರ ಜಗಲಿಯ ಫ್ಲಾಪಿ

ಬಕ್ಕೇಶಪ್ಪನವರ ತಲೆ ಎರಡು ಸಲ ಮುಂದಕ್ಕೆ ವಾಲಿತು. ಮೂರನೆಯ ಸಲ ಭಾವಮೈದುನ ಕೊಟ್ಟೂರೇಶ್ ತಲೆಗೆ ಬಿಳಿ ವಸ್ತ್ರ ಸುತ್ತಿ ಕಿಟಕಿಯ ಸರಳಿಗೆ ಕಟ್ಟಿದ. ಈಗ ಅವರು ಗೋಡೆಗೆ ಒರಗಿ ನೆಟ್ಟಗೆ ಕೂತರು. ಆಫೀಸಿನ ಕುರ್ಚಿಯಲ್ಲಿ ಎಂದೂ ಹಾಗೆ ಕೂತವರಲ್ಲ.

ಕೆ.ಬಿ. ಬಡಾವಣೆಯ ಆ ಮನೆಯ ಬಾಗಿಲಲ್ಲಿ ಬೆಳಿಗ್ಗೆಯಿಂದ ಇಬ್ಬರು ನಿಂತಿದ್ದರು. ಸಾರಥಿ ಊರಿನ ಮೈಲಪ್ಪ, ಹರಿಹರದ ಹಿದಾಯತ್. ಬಕ್ಕೇಶಪ್ಪನವರು ಗುಮಾಸ್ತರಾಗಿದ್ದ ಹರಿಹರದ ನೂಲಿನ ಮಿಲ್ಲಿನಲ್ಲಿ ಹನ್ನೆರಡು ವರ್ಷ ಬದಲಿ ಕೂಲಿಗಳಾಗಿ ದುಡಿದವರು. ಐದು ವರ್ಷದ ಹಿಂದೆ ಮಿಲ್ಲು ಇಂಥ ನಲವತ್ತಮೂರು ಮಂದಿಯನ್ನು ಹೊರಹಾಕಿ, ಇವರು ನಮ್ಮಲ್ಲಿ ಕೆಲಸಕ್ಕೆ ಇರಲೇ ಇಲ್ಲ ಎಂದು ಕೋರ್ಟಿನಲ್ಲಿ ಹೇಳಿತ್ತು.

"ಹೂವು ಹಾಕಿದ್ರಲ್ಲ, ಇನ್ನೇನು ಕಾಯ್ತೀರಿ?" ಕೊಟ್ಟೂರೇಶ್ ಕೇಳಿದ.

"ಒಂದ್ ಮಾತು ಐತ್ರಿ. ಇವತ್ತು ಕೇಳಬಾರ್ದು," ಎಂದ ಮೈಲಪ್ಪ.

"ಕೇಳಬಾರ್ದು ಅಂದ್ಮ್ಯಾಲೆ ಕೇಳಬ್ಯಾಡ."

"ಸೋಮವಾರ ಕೋರ್ಟಿನಾಗ ಕಡೇ ವಾಯಿದೆ ಐತ್ರಿ," ಹಿದಾಯತ್ ಅಂದ. "ವಾಯಿದೆ ಮುಂದಕ್ಕೆ ಹಾಕಾಕೆ ನಾವ್ಯಾರು? ಸಾವು ಮುಂದಕ್ಕೆ ಹಾಕಾಕೆ ಅವ್ರ್ಯಾರು?"

ಹೆಣದ ಪಕ್ಕದಲ್ಲಿ ಕೂತಿದ್ದ ಹೆಂಡತಿ ಗುರುಶಾಂತಮ್ಮ ತಲೆ ಎತ್ತಿದರು. "ಬರ್ಲಿ ಬಿಡೋ. ಇವ್ರ ಹೆಸರು ನಿಮ್ಮ ಭಾವ ನಿದ್ದೆಗಣ್ಣಾಗೂ ಹೇಳ್ತಿದ್ರು."

ಮೈಲಪ್ಪ ಒಳಗೆ ಬಂದು ನೆಲದ ಮೇಲೆ ಕೂತ. "ಹೋದ ತಿಂಗಳು ಆಸ್ಪತ್ರೆಯಾಗ ನನ್ನ ಕೈ ಹಿಡಕಂಡು ಹೇಳಿದ್ರು ತಾಯಿ. ನಿಮ್ಮೆಲ್ಲರ ಹಾಜರಿ ಒಂದು ಫ್ಲಾಪಿಯಾಗ ಐತೆ, ದೇವರ ಜಗಲಿ ಮ್ಯಾಲೆ ಇಟ್ಟೀನಿ, ನಾನು ಹೋದ ಮ್ಯಾಲೆ ತಗಳ್ರಿ ಅಂದ್ರು."

"ಬದುಕಿದ್ದಾಗ ಕೊಟ್ಟಿದ್ರೆ ಏನಾಗ್ತಿತ್ತು?" ಹಿದಾಯತ್ ಬಾಗಿಲಿಂದಲೇ ಕೇಳಿದ.

"ನೌಕ್ರಿ ಹೋಗ್ತಿತ್ತು," ಎಂದರು ಗುರುಶಾಂತಮ್ಮ.

*

ಮಿಲ್ಲಿಗೆ ಕಂಪ್ಯೂಟರ್ ಬಂದದ್ದು ಎಂಬತ್ತೇಳರಲ್ಲಿ. ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮಾಡಿದ್ದ ಬಕ್ಕೇಶಪ್ಪನವರನ್ನು ಅದರ ಮುಂದೆ ಕೂರಿಸಿದರು. ತಂಪು ಕೋಣೆ, ಚಪ್ಪಲಿ ಹೊರಗೆ. ಕಪ್ಪು ಪರದೆಯ ಮೇಲೆ ಹಸಿರು ಅಕ್ಷರ. ಯಾವ ಕೆಲಸಕ್ಕೆ ಏನು ಒತ್ತಬೇಕು ಎಂಬುದನ್ನೆಲ್ಲ ನೋಟುಪುಸ್ತಕದಲ್ಲಿ ಬರೆದುಕೊಂಡು, ದಿನಾ ಕೈ ಮುಗಿದು ಶುರು ಮಾಡುತ್ತಿದ್ದರು. ಏನನ್ನಾದರೂ ಅಳಿಸುವ ಮುನ್ನ ಅದು, ಖಾತ್ರಿಯೇ, ಎಂದು ಕೇಳುತ್ತಿತ್ತು. ಅವರಿಗೆ ಖಾತ್ರಿ ಇರುತ್ತಿರಲಿಲ್ಲ. ಎದ್ದು ಹೋಗಿ ರಿಜಿಸ್ಟರ್ ತೆಗೆದು ಮತ್ತೆ ನೋಡುತ್ತಿದ್ದರು.

"ಕೇಳ್ತಿರೋದು ಯಂತ್ರ ಕಣಯ್ಯ, ನಿಮ್ಮ ಮಾವ ಅಲ್ಲ," ಎಂದು ಜೊತೆಯವರು ನಗುತ್ತಿದ್ದರು.

ತೊಂಬತ್ತಮೂರರಲ್ಲಿ ಬದಲಿ ಕೂಲಿಗಳನ್ನು ಹೊರಹಾಕಿ, ಅವರ ಹಾಜರಿ ರಿಜಿಸ್ಟರುಗಳನ್ನು ಬಾಯ್ಲರಿಗೆ ಹಾಕಿದರು. ಮರುದಿನ ಮ್ಯಾನೇಜರು ಬೆನ್ನ ಹಿಂದೆ ಬಂದು ನಿಂತು, ಕಂಪ್ಯೂಟರಿನಲ್ಲಿರುವುದನ್ನೂ ತೆಗೆಯಲು ಹೇಳಿದರು. ಬೆಳಿಗ್ಗೆಯೇ ಬಕ್ಕೇಶಪ್ಪನವರು ಎಲ್ಲವನ್ನೂ ಒಂದು ಫ್ಲಾಪಿಗೆ ಇಳಿಸಿ ಬುತ್ತಿಚೀಲದಲ್ಲಿ ಬಚ್ಚಿಟ್ಟಿದ್ದರು. ಅವರ ಬಾಳಿನಲ್ಲಿ ಅದೊಂದೇ ಕಳವು.

ಖಾತ್ರಿಯೇ, ಎಂದು ಯಂತ್ರ ಕೇಳಿತು. ಆ ದಿನ ನೋಡಲು ರಿಜಿಸ್ಟರೂ ಇರಲಿಲ್ಲ. ಅವರು ಒತ್ತಿದರು.

*

ಮಗಳು ರೂಪಶ್ರೀ ಮಣೆ ಹತ್ತಿ ಜಗಲಿಯ ಹಿಂಬದಿಯಿಂದ ಕೆಂಪು ಬಟ್ಟೆಯ ಗಂಟು ಇಳಿಸಿದಳು. ಅಪ್ಪ ಅದನ್ನು ಯಾರಿಗೂ ಮುಟ್ಟಗೊಟ್ಟಿರಲಿಲ್ಲ. ವರ್ಷಕ್ಕೊಮ್ಮೆ, ಆಯುಧಪೂಜೆಯ ದಿನ, ಸ್ನಾನ ಮಾಡಿ ತಾವೇ ಬಿಚ್ಚಿ, ಬಾಗಿಲು ಮುಂದೆ ಮಾಡಿಕೊಂಡು ಪೂಜಿಸಿ ಮತ್ತೆ ಕಟ್ಟಿಡುತ್ತಿದ್ದರು. ಮಠದಿಂದ ತಂದದ್ದೇನೋ ಇರಬೇಕೆಂದು ಅವಳು ತಿಳಿದಿದ್ದಳು.

ಗಂಟು ಬಿಚ್ಚಿದಳು.

ಅಂಗೈಗಿಂತ ಅಗಲವಾದ ಹಳೇ ಫ್ಲಾಪಿ. ನಡುವೆ ಮೂರು ಬೆರಳ ವಿಭೂತಿ, ಐದು ವರ್ಷದ್ದು, ಪದರದ ಮೇಲೆ ಪದರ. ಅದರ ಮೇಲೆ ಗಂಧ, ಕುಂಕುಮ. ತೀರ್ಥ ಚಿಮುಕಿಸಿದ ಕಲೆ. ಒಳಗಿನ ಕಂದು ತಟ್ಟೆ ಕಾಣುವ ಕಿಂಡಿಯಲ್ಲಿ ಒಂದು ಅಕ್ಷತೆಕಾಳು ಅಂಟಿತ್ತು.

ರೂಪಶ್ರೀ ಕಂಪ್ಯೂಟರ್ ಸೆಂಟರಿನಲ್ಲಿ ಪಾಠ ಹೇಳುವವಳು. ಮೊದಲ ದಿನವೇ ಮಕ್ಕಳಿಗೆ ಹೇಳುತ್ತಿದ್ದಳು, ಆ ಕಿಂಡಿಗೆ ಬೆರಳು ತಾಗಿಸಬೇಡಿ ಎಂದು. ಸೆರಗಿನ ತುದಿಯಿಂದ ಮೆಲ್ಲಗೆ ಒರೆಸಿದಳು. ಕುಂಕುಮದ ಜೊತೆ, ಬರೆದದ್ದನ್ನೆಲ್ಲ ಹಿಡಿದಿಟ್ಟಿದ್ದ ಕಂದು ಲೇಪವೂ ಸೆರಗಿಗೆ ಬಂತು.

"ಇದ್ರಾಗ ನಮ್ಮ ಹೆಸರು ಇದಾವಲ್ಲ, ಬೇಟಿ?" ಹಿದಾಯತ್ ಕತ್ತು ಚಾಚಿದ.

"ಇದ್ವು, ಚಾಚಾ."

ಹಿದಾಯತ್ ಸೆರಗಿನ ಕಲೆ ನೋಡಿದ. ಗೋಡೆಗೆ ಒರಗಿದವರ ಕಡೆ ಒಮ್ಮೆ ನೋಡಿದ. ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡ.

"ಒರೆಸಬ್ಯಾಡವ್ವ," ಮೈಲಪ್ಪ ಎರಡೂ ಕೈ ಒಡ್ಡಿದ. "ನಿನಗೆ ಓದಾಕ ಬರ್ಲಿಲ್ಲ ಅಂದ್ರ ಏನಾತು? ಕೋರ್ಟಿನಾಗ ದೊಡ್ಡ ಕಂಪ್ಯೂಟರ್ ಇರ್ತಾವು."

ಅವಳು ಬಾಯಿ ತೆರೆದಳು. ಗುರುಶಾಂತಮ್ಮ ಮಗಳನ್ನೇ ನೋಡುತ್ತಿದ್ದರು. ಅವಳು ಫ್ಲಾಪಿಯನ್ನು ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಕೊಟ್ಟಳು. ಮೈಲಪ್ಪ ಕಣ್ಣಿಗೆ ಒತ್ತಿಕೊಂಡ.

ಸಂಜೆ ಗುಂಡಿಯೊಳಗೆ ಬಕ್ಕೇಶಪ್ಪನವರನ್ನು ಕೂರಿಸಿ, ವಿಭೂತಿ ಗಟ್ಟಿ, ಬಿಲ್ವಪತ್ರೆ ತುಂಬಿದರು. ಒಬ್ಬೊಬ್ಬರಾಗಿ ಬಂದು ಮಣ್ಣು ಹಾಕಿದರು. ಕೊನೆಗೆ ಬಂದವನು ಮೈಲಪ್ಪ. ಗಾಳಿಗೆ ಧೂಳು ಏಳುತ್ತಿತ್ತು. ಅವನು ಕೆಂಪು ಗಂಟನ್ನು ಎಡಗೈಯಲ್ಲಿ ತಲೆಗಿಂತ ಮೇಲೆ, ಮಣ್ಣು ತಾಗದಂತೆ ಎತ್ತಿ ಹಿಡಿದು, ಬಲಗೈಯಿಂದ ಮೂರು ಹಿಡಿ ಹಾಕಿದ.