ಸಿಂಥೆಟಿಕ್ ಎಣ್ಣೆ ಮತ್ತು ಅದರ ಕೆಳಗಿದ್ದ ಬೋಗುಣಿ

ನಾನು ಒಂದು ಬೋಗುಣಿ. ಅಗಲ ಬಾಯಿ, ಗಿಡ್ಡ ಗೋಡೆ, ಎರಡು ಕಿವಿ. ಹಳೇ ಹುಬ್ಬಳ್ಳಿಯ ತಗಡಿನ ಕೆಲಸದವನೊಬ್ಬ ಒಂದೇ ಹಾಳೆಯಿಂದ ನಮ್ಮ ನಾಲ್ವರನ್ನೂ ಕತ್ತರಿಸಿ, ಬಡಿದು, ಅಂಚು ಮಡಿಸಿ ಅಂಗಡಿಯ ಮುಂದೆ ಬೋರಲು ಹಾಕಿದ. ಮೂವರನ್ನು ಗಿರ್ಮಿಟ್ ಗಾಡಿಯವನು ಒಯ್ದ. ಚುರುಮುರಿ, ಉಳ್ಳಾಗಡ್ಡಿ, ಹುಣಸೆಹುಳಿಯ ಒಗ್ಗರಣೆ, ಮೇಲೆ ಕೊತ್ತಂಬರಿ. ಅವರ ಬಾಳು ಘಮಘಮ ಸಾಗಿತು. ನನ್ನನ್ನು ಮಾತ್ರ ಅವನು ಬೆರಳಿನಿಂದ ಬಡಿದು ನೋಡಿ, "ಇದರ ಅಂಚು ಸೊಟ್ಟ ಐತಿ" ಎಂದು ಕೆಳಗಿಟ್ಟ. ಹೊಟ್ಟೆಕಿಚ್ಚು ನನಗೆ ಆಮೇಲೆ ಅಂಟಿದ ಗುಣವಲ್ಲ. ಅದು ತಗಡಿನ ಜೊತೆಗೇ ಬಂದದ್ದು.

ಸೊಟ್ಟ ಅಂಚನ್ನೇ ಮೆಚ್ಚಿ ನನ್ನನ್ನು ಕೊಂಡವನು ಮೆಕ್ಯಾನಿಕ್ ನಾರಾಯಣಸಾ ಮೆಹರವಾಡೆ. "ಸುರಿಯಾಕ ಬಾಯಿ ಇದ್ದಂಗ ಆತು" ಎಂದು ನಕ್ಕು, ಗಬ್ಬೂರು ಬೈಪಾಸಿನ ಹತ್ತಿರವಿದ್ದ ತನ್ನ ಗ್ಯಾರೇಜಿಗೆ ಒಯ್ದ. ಅಂದಿನಿಂದ ನನ್ನ ಕೆಲಸ ಒಂದೇ. ಕಾರಿನ ಹೊಟ್ಟೆಯ ಕೆಳಗೆ ಮಲಗುವುದು. ಅವನು ಬೋಲ್ಟು ಬಿಚ್ಚಿದೊಡನೆ ಬೀಳುವ ಹಳೆಯ ಎಂಜಿನ್ ಎಣ್ಣೆಯನ್ನು ಒಂದು ಹನಿ ಚೆಲ್ಲದಂತೆ ಹಿಡಿಯುವುದು.

ಇದು ಕೀಳು ಕೆಲಸವೆಂದು ತಿಳಿಯುವವರಿಗೆ ಒಂದು ಮಾತು. ಡಬ್ಬಿಯಿಂದ ಹೊಸ ಎಣ್ಣೆ ಸುರಿಯುವಾಗ ಮಾಲೀಕರು ನಿಂತು ನೋಡುತ್ತಾರೆ, ಬಂಗಾರದ ಬಣ್ಣ ಎನ್ನುತ್ತಾರೆ. ಅದೇ ಎಣ್ಣೆ ಐದು ಸಾವಿರ ಕಿಲೋಮೀಟರು ದುಡಿದು, ಕರ್ರಗಾಗಿ, ಬಿಸಿಯುಸಿರು ಬಿಡುತ್ತ ಇಳಿಯುವಾಗ ಯಾರೂ ಇರುವುದಿಲ್ಲ. ನಾನಿರುತ್ತೇನೆ. ಯಾವ ಎಂಜಿನ್ ಹೇಗೆ ಬಾಳಿತೆಂಬುದನ್ನು ಎಣ್ಣೆ ನನಗೇ ಹೇಳುತ್ತದೆ. ಜನರನ್ನು ಮಾತ್ರ ನಾನು ಕಾಲಿನಿಂದ ಗುರುತಿಸಬೇಕು. ನಾರಾಯಣಸಾನದು ಒಡೆದ ಹಿಮ್ಮಡಿ. ಚಾಲಕ ಫಕ್ಕೀರಪ್ಪನದು ಬಾರಿಗೆ ತಂತಿ ಸುತ್ತಿದ ಚಪ್ಪಲಿ. ಇಳಕಲ್ ಸೀರೆಯ ಅಂಚಿನ ಕೆಳಗೆ ಬಿಳಿಯ ಕ್ಯಾನ್ವಾಸ್ ಬೂಟು ಕಂಡರೆ ವತ್ಸಲಾ ಕಟ್ಟಿ ಅಕ್ಕೋರು ಬಂದರೆಂದು ಅರ್ಥ.

ಅಕ್ಕೋರು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದವರು. ಗಂಡ ತೀರಿಕೊಂಡ ಮೇಲೆ ಅವರ ನಾಲ್ಕು ಟ್ಯಾಕ್ಸಿಗಳು ಇವರ ಪಾಲಿಗೆ ಬಂದವು. ಟ್ಯಾಕ್ಸಿಗಳಿಗೂ ಪರೀಕ್ಷೆ ಇಡಬೇಕೆಂದು ಅವರಿಗೆ ಅನ್ನಿಸಲು ಹೆಚ್ಚು ದಿನ ಹಿಡಿಯಲಿಲ್ಲ.

ಒಂದು ಯುಗಾದಿಯ ಹಿಂದಿನ ದಿನ ಬೂಟುಗಳು ಬಂದವು. ಕೈಯಲ್ಲಿ ಸಿಂಥೆಟಿಕ್ ಎಣ್ಣೆಯ ಡಬ್ಬಿ, ಬಗಲಲ್ಲಿ ಒಂದು ನೋಟುಬುಕ್ಕು.

"ನಾರಾಯಣಸಾ, ಇದು ಹದಿನೈದು ಸಾವಿರ ಓಡತದ ಅಂತ ಡಬ್ಬಿ ಮ್ಯಾಲೆ ಬರದದ."

"ಡಬ್ಬಿಗೇನ್ರಿ ಅಕ್ಕೋರ, ಬರದ್ರ ಬರಸ್ಕೋತೈತಿ."

"ಅದಕ್ಕ ನಾವು ನೋಡೂಣು. ಫಕ್ಕೀರಪ್ಪನ ಗಾಡಿಗೆ ಹಾಕ್ರಿ. ಸಾವಿರಕ್ಕೊಮ್ಮೆ ಒಂದು ಹನಿ ತಗೀತೀನಿ. ಎಲ್ಲೀ ತನಕ ಅದು ಎಣ್ಣಿ ಇರತದ, ಎಲ್ಲಿಂದ ರಾಡಿ ಆಗತದ, ಹನೀನ ಹೇಳತದ." ಆಮೇಲೆ ತರಗತಿಗೆ ಹೇಳುವ ದನಿಯಲ್ಲಿ, "ಅಲ್ಲೀ ತನಕ ನನಗ ಹೇಳದ ಯಾರರ ಆ ಎಣ್ಣಿ ಮುಟ್ಟಿದ್ರ, ಅವರು ಗಾಡಿಯಿಂದ ಕೆಳಗ. ತಿಳೀತಿಲ್ಲೋ ಫಕ್ಕೀರಪ್ಪ?"

"ತಿಳೀತ್ರಿ ಅಕ್ಕೋರ" ಎಂದಿತು ತಂತಿಯ ಚಪ್ಪಲಿ.

ಅಲ್ಲಿಂದ ನನ್ನ ಕೆಟ್ಟ ದಿನಗಳು. ತಿಂಗಳಿಗೊಮ್ಮೆಯೋ ಎರಡು ಸಲವೋ ಫಕ್ಕೀರಪ್ಪನ ಕಾರು ಬರುತ್ತಿತ್ತು, ಆದರೆ ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಅಕ್ಕೋರು ಎಣ್ಣೆ ಅಳೆಯುವ ಕಡ್ಡಿಯನ್ನು ಎಳೆದು, ಅದರ ತುದಿಯ ಒಂದೇ ಹನಿಯನ್ನು ದುಂಡನೆಯ ಸೋಸುಕಾಗದದ ಮೇಲೆ ಬಿಡುತ್ತಿದ್ದರು. ಅದು ಹರಡಿ, ಒಣಗಿ, ನೋಟುಬುಕ್ಕಿಗೆ ಅಂಟಿ, ಕೆಳಗೆ ದಿನಾಂಕ ಪಡೆಯುತ್ತಿತ್ತು. ನಾನು ಕೊಡಗಟ್ಟಲೆ ಎಣ್ಣೆ ಹೊತ್ತವನು. ನನ್ನ ಬಗ್ಗೆ ಒಂದು ಸಾಲು ಬರೆದವರಿಲ್ಲ. ಒಂದು ಹನಿ ಹೀರಿದ ಕಾಗದಕ್ಕೆ ಇಡೀ ಪುಟ! ಎಣ್ಣೆಯ ಮೇಲೆ ಉರಿಯುವುದೋ ಕಾಗದದ ಮೇಲೆ ಉರಿಯುವುದೋ ತಿಳಿಯದೆ, ಎರಡರ ಮೇಲೂ ಸಮನಾಗಿ ಉರಿದೆ.

ಐದು ಸಾವಿರ ದಾಟಿತು. ಬೇರೆ ಎಣ್ಣೆಯಾಗಿದ್ದರೆ ಅಂದೇ ನನ್ನ ಮಡಿಲಿಗೆ ಬೀಳಬೇಕಿತ್ತು. ಇದು ಬೀಳಲಿಲ್ಲ. "ನೋಡ್ರಿ, ಇನ್ನೂ ಜೇನತುಪ್ಪದ ಬಣ್ಣ!" ಎಂದು ಅಕ್ಕೋರು ಹಿಗ್ಗಿದರು. ಏಳು ಸಾವಿರಕ್ಕೆ ಬೆಲ್ಲದ ಚಹಾದ ಬಣ್ಣ. ಒಂಬತ್ತು ಸಾವಿರಕ್ಕೆ ನಡುವೆ ಕರಿಯ ಬೊಟ್ಟು ಮೂಡಿ, ಸುತ್ತ ಕಂದು ಉಂಗುರ ಕಟ್ಟಿತು. ಅಕ್ಕೋರು ಆ ಕಾಗದವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ನನಗೆ ಜೀವ ಬಂತು. ಬಾ ಮಗಳೇ, ನೀನೂ ಮುಪ್ಪಾದೆ, ಇಳಿ ಕೆಳಗೆ ಎಂದುಕೊಂಡೆ. ಅಕ್ಕೋರು, "ಇನ್ನೊಂದು ಸಾವಿರ ನೋಡೂಣು" ಎಂದು ಹೊರಟುಹೋದರು.

ಆಗ ಬಂತು ಖಂಡೇನವಮಿ.

ನಮ್ಮ ಕಡೆ ಆ ದಿನ ಗ್ಯಾರೇಜಿನಲ್ಲಿ ಪಾನೆ, ಜಾಕು, ಸುತ್ತಿಗೆ ಎಲ್ಲಕ್ಕೂ ಸ್ನಾನ, ಕುಂಕುಮ. ಗಾಡಿಗಳಿಗೆ ಚೆಂಡುಹೂವಿನ ಮಾಲೆ, ಚಕ್ರದ ಕೆಳಗೆ ನಿಂಬೆಹಣ್ಣು. ಹಿಂದಿನ ದಿನವೇ ಗಾಡಿ ತೊಳೆದು ಹೊಸ ಎಣ್ಣೆ ಹಾಕಿಸುವುದು ಚಾಲಕರ ಪದ್ಧತಿ. ಕೊಳಕು ಎಣ್ಣೆ ಹೊಟ್ಟೆಯಲ್ಲಿ ಇಟ್ಟುಕೊಂಡ ಗಾಡಿಗೆ ಆರತಿ ಎತ್ತುವುದನ್ನು ಯಾರೂ ಒಪ್ಪುವುದಿಲ್ಲ. ಹಾಗೆ ಹಬ್ಬದ ಹಿಂದಿನ ದಿನ ನಾನು ಒಂಬತ್ತು ಗಾಡಿಗಳ ಕೆಳಗೆ ಮಲಗಿದೆ. ಹತ್ತನೆಯದಾಗಿ ತಂತಿಯ ಚಪ್ಪಲಿ ಬಂತು, ಕೈಯಲ್ಲಿ ಅದೇ ಸಿಂಥೆಟಿಕ್ ಡಬ್ಬಿ. ತನ್ನ ಸ್ವಂತ ದುಡ್ಡಿನಿಂದ ತಂದದ್ದು.

"ಹುಚ್ಚ ಆಗೀಯೇನಲೇ" ಎಂದ ನಾರಾಯಣಸಾ. "ಅಕ್ಕೋರು ಏನಂದಿದ್ರು?"

"ನಾ ಬ್ಯಾರೆ ಎಣ್ಣಿ ಹಾಕಿದ್ರಲ್ಲಾ ತಪ್ಪು? ಅದ ಕಂಪನಿ, ಅದ ಡಬ್ಬಿ. ಎಣ್ಣಿಗೇನ್ ಗೊತ್ತಾಗತೈತಿ ಅಣ್ಣಾ?"

"ಎಣ್ಣಿಗಲ್ಲೋ ಮಾರಾಯಾ, ಬುಕ್ಕಿಗೆ ಗೊತ್ತಾಗತೈತಿ."

"ಹನ್ನೊಂದ ವರ್ಷ ಆತು, ಹಬ್ಬಕ್ಕ ಈ ಸ್ಟೇರಿಂಗ್ ಹಿಡಿದಾಂವ ನಾ. ಎಲ್ಲಾರ ಗಾಡಿ ಹೊಸಾ ಎಣ್ಣಿ ಕುಡದು ನಿಂತಿರತಾವು, ನಂದೊಂದು ಹಳಸಿದ್ದು ಉಂಡು ನಿಲ್ಲಬೇಕೇನ? ಮಕ್ಕಳಿಗೆ ಹಬ್ಬದ ದಿನಾ ಹರಕ ಅಂಗಿ ತೊಡಸ್ತೀಯೇನ ನೀನು?"

ನಾರಾಯಣಸಾ ಪಾನೆ ಕೈಗೆತ್ತಿಕೊಂಡ. ತಾನೇ ಪ್ರತಿ ಹಬ್ಬಕ್ಕೆ ಹಿಡಿಕೆ ಮುರಿದ ಸ್ಕ್ರೂಡ್ರೈವರಿಗೂ ಕುಂಕುಮ ಹಚ್ಚುವವನು, ಬೇಡವೆಂದು ಹೇಗೆ ಹೇಳಿಯಾನು! ಬೋಲ್ಟು ಬಿಚ್ಚಿದ.

ಹೀಗೆ ಆರು ತಿಂಗಳು ನನ್ನನ್ನು ಉರಿಸಿದವಳು ನನ್ನ ಮಡಿಲಿಗೆ ಬಿದ್ದಳು. ನಾನು ಎಣ್ಣೆಯನ್ನು ತಿಳಿದವನು, ಅದಕ್ಕೇ ಸುಳ್ಳು ಹೇಳಲಾರೆ. ಒಳ್ಳೆಯ ಎಣ್ಣೆ. ಒಂಬತ್ತು ಸಾವಿರ ದುಡಿದೂ ಕೈಗೆ ಜಾರುತ್ತಿತ್ತು. ಆದರೆ ಸುಸ್ತಾಗಿತ್ತು, ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು, ತಳದಲ್ಲಿ ಕಣ್ಣಿಗೆ ಕಾಣದ ಲೋಹದ ಪುಡಿ ತಣ್ಣಗೆ ಇಳಿಯುತ್ತಿತ್ತು. ದುಪ್ಪಟ್ಟು ದುಡಿಸಿದರೆ ಎಂಜಿನನ್ನು ತಿನ್ನುತ್ತದೆಂದು ನನಗೆ ಖಾತ್ರಿಯಾಯಿತು. ಹೇಳಲು ಬಾಯಿ ಇದೆ, ಮಾತಿಲ್ಲ. ಉಳಿದ ಹಳೆ ಎಣ್ಣೆಯೆಲ್ಲ ಪೀಪಾಯಿಗೆ ಹೋದರೆ, ಇದನ್ನು ಮಾತ್ರ ನಾರಾಯಣಸಾ ಒಂದು ಕ್ಯಾನಿಗೆ ತುಂಬಿ ಅಟ್ಟದ ಮೇಲಿಟ್ಟ. "ಅಕ್ಕೋರ ಎಣ್ಣಿ, ಚೆಲ್ಲಬಾರದು" ಅಂತೆ. ಅದಕ್ಕೆ ಅಟ್ಟ, ನನಗೆ ನೆಲ.

ಹತ್ತು ಸಾವಿರದ ಹನಿ ತೆಗೆಯಲು ಅಕ್ಕೋರು ಬಂದರು. ಹನಿ ಬಿತ್ತು. ಬಂಗಾರದ ಬಣ್ಣ.

ಬೂಟುಗಳು ಎರಡು ಹೆಜ್ಜೆ ಹಿಂದೆ ಸರಿದವು. "ಇದು ಹೆಂಗ ಸಾಧ್ಯ? ಕರ್ರಗಾದ ಎಣ್ಣಿ ಮತ್ತ ತಿಳಿ ಆಗೂದಿಲ್ಲಲಾ!"

ತಂತಿಯ ಚಪ್ಪಲಿ ನೆಲಕ್ಕೆ ಅಂಟಿ ನಿಂತಿತ್ತು. ನಾರಾಯಣಸಾನ ಹಿಮ್ಮಡಿ ಒಮ್ಮೆ ಕೆರೆದುಕೊಂಡಿತು. "ಸಿಂಥೆಟಿಕ್ ಅಲ್ರೀ ಅಕ್ಕೋರ" ಎಂದ ಅವನು. "ಹಾವು ಪೊರಿ ಬಿಟ್ಟಂಗ ಒಮ್ಮೆ ಹೊಲಸೆಲ್ಲಾ ಬಿಡತೈತೇನೋ."

ಅಕ್ಕೋರು ನಂಬಲಿಲ್ಲ. ಮೂರು ಬೇರೆ ಬೇರೆ ಕಾಗದದ ಮೇಲೆ ಮೂರು ಹನಿ ಹಾಕಿದರು. ಮೂರೂ ಬಂಗಾರ. ಮೂರು ಸಲ ಒಂದೇ ಫಲ ಬಂದರೆ ಅದನ್ನು ಒಪ್ಪಬೇಕೆಂದು ಮೂವತ್ತು ವರ್ಷ ಮಕ್ಕಳಿಗೆ ಹೇಳಿಕೊಟ್ಟವರು, ಬೇರೆ ದಾರಿಯಿಲ್ಲದೆ ಒಪ್ಪಿದರು. ನನ್ನ ಉರಿಗೆ ಆಗ ಮಿತಿಯೇ ಇರಲಿಲ್ಲ. ಮುಪ್ಪಾಗಿ ಇಳಿದುಹೋದವಳಿಗೆ ಪುನರ್ಜನ್ಮದ ಕೀರ್ತಿ!

ಮತ್ತೆ ಯುಗಾದಿ ಬಂತು. ಅಕ್ಕೋರ ಲೆಕ್ಕದಲ್ಲಿ ಹದಿನೆಂಟು ಸಾವಿರ. ಹನಿಯಲ್ಲಿ ಮತ್ತೆ ಕರಿ ಬೊಟ್ಟು, ಕಂದು ಉಂಗುರ. ಅವರು ಸ್ಟೂಲಿನ ಮೇಲೆ ಕೂತು ಚಾಲಕರನ್ನು ಕರೆದರು.

"ಹದಿನೆಂಟು ಸಾವಿರ ಓಡ್ತು. ಇನ್ನ ನಾಕೂ ಗಾಡಿಗೆ ಇದ ಎಣ್ಣಿ, ಹದಿನೆಂಟು ಸಾವಿರದ ತನಕ ಯಾರೂ ತಗೀಬ್ಯಾಡ್ರಿ. ಮೊದಲ ಬುಡನಸಾಬನ ಗಾಡಿ."

ಬುಡನಸಾಬ ಅಂಕೋಲೆಯ ಕಡೆ ಓಡಿಸುವವನು. ದಿನಾ ಅರಬೈಲ್ ಘಟ್ಟ ಇಳಿದು ಹತ್ತುತ್ತಿದ್ದ. "ಆತ್ರಿ ಅಕ್ಕೋರ, ನಮಗೂ ಗ್ಯಾರೇಜಿಗೆ ಬರೂದು ತಪ್ಪಿತು" ಎಂದು ನಕ್ಕ.

ತಂತಿಯ ಚಪ್ಪಲಿ ಅಲುಗಿತು. ಒಂದು ಹೆಜ್ಜೆ ಮುಂದೆ, ಅರ್ಧ ಹೆಜ್ಜೆ ಹಿಂದೆ. ನಾರಾಯಣಸಾ ಗಟ್ಟಿಯಾಗಿ ಕೆಮ್ಮಿದ. ಸುಮ್ಮನಿದ್ದರೆ ಫಕ್ಕೀರಪ್ಪನ ಸ್ಟೇರಿಂಗ್ ಉಳಿಯುತ್ತಿತ್ತು. ಮಾತಾಡಿದರೆ ಹೋಗುತ್ತಿತ್ತು.

"ಅಕ್ಕೋರ, ಬುಡನ್ ಘಟ್ಟ ಇಳೀತಾನ್ರಿ" ಎಂದ ಫಕ್ಕೀರಪ್ಪ.

"ಇಳೀಲಿ, ಅದಕ್ಕೇನ?"

"ಎಂಜಿನ್ ಹಿಡಕೊಂಡ್ರ ಹಿಂದ ಕೂತವರ ಗತಿ ಏನ್ರಿ? ಆ ಎಣ್ಣಿ ಹದಿನೆಂಟು ಓಡಿಲ್ರಿ. ಒಂಬತ್ತಕ್ಕ ನಾ ತಗಸಿದೆ. ಖಂಡೇನವಮಿಗೆ." ಕಿಸೆಯಿಂದ ಕಾರಿನ ಕೀಲಿ ತೆಗೆದು ನೋಟುಬುಕ್ಕಿನ ಮೇಲಿಟ್ಟ. ಆ ಸದ್ದು ನನಗೆ ಕೇಳಿಸಿತು.

ಅಕ್ಕೋರು ಬೈಯಲಿಲ್ಲ. ಕೇಳಿದ್ದು ಇಷ್ಟೇ, "ಆ ಹಳೇ ಎಣ್ಣಿ ಎಲ್ಲದ?"

ನಾರಾಯಣಸಾ ಅಟ್ಟ ಹತ್ತಿ ಕ್ಯಾನು ಇಳಿಸಿದ. ತಳದ ಗಸಿಯೂ ಕಾಣಬೇಕೆಂದು ಅಕ್ಕೋರು ಹೇಳಿದ್ದರಿಂದ ಚೆನ್ನಾಗಿ ಅಲುಗಾಡಿಸಿ ನನ್ನೊಳಗೆ ಸುರಿದ. ಬಿಳಿಯ ಬೂಟು ಮಡಚಿತು. ಮೊದಲ ಬಾರಿಗೆ ನಾನು ಅಕ್ಕೋರ ಮುಖ ಕಂಡೆ. ದಪ್ಪ ಕನ್ನಡಕ, ಹಣೆಯ ಮೇಲೆ ಬೆವರು. ಅವರು ಬೆರಳಿಗೆ ಎಣ್ಣೆ ಹಚ್ಚಿ ಉಜ್ಜಿ ನೋಡಿದರು. ಒಂದು ಹನಿಯನ್ನು ಕಾಗದಕ್ಕೆ ಹಾಕಿ, ಒಂಬತ್ತನೆಯ ಕಾಗದದ ಪಕ್ಕ ಹಿಡಿದರು, ಹದಿನೆಂಟನೆಯದರ ಪಕ್ಕ ಹಿಡಿದರು. ಮೂರೂ ಒಂದೇ ತಾಯಿಯ ಮಕ್ಕಳು.

"ಒಂದು ಪ್ರಯೋಗ ಮಾಡ್ತೀನಿ ಅಂದ್ಕೊಂಡಿದ್ದೆ. ನೀವು ನನ್ನ ಕಡೆ ಅದನ್ನ ಎರಡು ಸಲಾ ಮಾಡಿಸೀರಿ" ಎಂದರು. "ಎರಡೂ ಸಲಾ ಒಂಬತ್ತ ಸಾವಿರಕ್ಕ ಕರಿ ಬೊಟ್ಟು. ಡಬ್ಬಿ ಏನರ ಅನ್ನಲಿ, ನಮ್ಮ ಗಾಡಿಗೆ, ನಮ್ಮ ರಸ್ತೆಗೆ, ಒಂಬತ್ತ. ಯುಗಾದಿಗೊಮ್ಮೆ, ಖಂಡೇನವಮಿಗೊಮ್ಮೆ. ಹಬ್ಬ ಲೆಕ್ಕಕ್ಕ ಹಿಡೀಲಾರದ್ದು ನಂದೂ ತಪ್ಪು." ಆಮೇಲೆ ನಾರಾಯಣಸಾನ ಕಡೆ ತಿರುಗಿ, "ಹಾವು ಪೊರಿ ಬಿಡತದ? ನಿಮ್ಮನ್ನ ನನ್ನ ಕ್ಲಾಸಿನಾಗ ಕೂಡಿಸಿದ್ರ ಬೆಂಚ್ ಮ್ಯಾಲೆ ನಿಲ್ಲಸ್ತಿದ್ದೆ."

ನಾರಾಯಣಸಾ ಆಗಲೇ ನಿಂತಿದ್ದ.

ಕೀಲಿಯನ್ನು ಅಕ್ಕೋರು ಹಿಂದಿರುಗಿಸಲಿಲ್ಲ. "ಒಂದು ತಿಂಗಳು ಗಾಡಿ ಮುಟ್ಟಬ್ಯಾಡ ಫಕ್ಕೀರಪ್ಪ. ಎಣ್ಣಿ ಬದಲಿ ಮಾಡಿದ್ದಕ್ಕಲ್ಲ, ಆರು ತಿಂಗಳು ಬಾಯಿ ಮುಚ್ಕೊಂಡಿದ್ದಕ್ಕ. ಇವತ್ತು ಬಾಯಿ ತಗದೀ, ಅದಕ್ಕ ಒಂದ ತಿಂಗಳು." ಆ ತಿಂಗಳಿಡೀ ಅವನು ಗ್ಯಾರೇಜಿನ ಕಟ್ಟೆಯ ಮೇಲೆ ಕೂತ. ಬೇರೆ ಚಾಲಕ ಕಾರು ತಂದು ನಿಲ್ಲಿಸಿದಾಗಲೆಲ್ಲ, ಮುಟ್ಟಬಾರದೆಂದು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಅದರ ಸುತ್ತ ಒಂದು ಸುತ್ತು ಬರುತ್ತಿದ್ದ.

ಆ ತಿಂಗಳಲ್ಲಿ ನನಗೆ ಗೊತ್ತಾಯಿತು, ನಾನು ಇಷ್ಟು ದಿನ ತಪ್ಪು ಕಡೆ ಉರಿದಿದ್ದೆನೆಂದು. ಎಣ್ಣೆಯ ಮೇಲೆ ಹೊಟ್ಟೆಕಿಚ್ಚು ಪಡುವಂಥದೇನಿತ್ತು? ಅದು ಎಷ್ಟು ಬಾಳಿದರೂ ಕೊನೆಗೆ ನನ್ನಲ್ಲಿಗೇ ಬರಬೇಕು. ಹೊಟ್ಟೆಕಿಚ್ಚು ಪಡಬೇಕಾದ್ದು ಆ ಕಾರಿನ ಮೇಲೆ. ಅದರ ಹೊಟ್ಟೆ ಹಬ್ಬದ ದಿನ ಕೊಳಕಾಗಿರಬಾರದೆಂದು ಒಬ್ಬ ತನ್ನ ಅನ್ನವನ್ನೇ ಪಣಕ್ಕೆ ಒಡ್ಡಿದ. ನನಗಾಗಿ ಯಾರಾದರೂ ಒಂದು ಚಿಂದಿಯನ್ನಾದರೂ ಒಡ್ಡಿದ್ದುಂಟೇ?

ವರ್ಷಗಳು ಕಳೆದವು. ಅಕ್ಕೋರಿಗೆ ಮಂಡಿನೋವು ಬಂದು ಗಾಡಿಗಳನ್ನು ಮಾರಿದರು. ಹಳೆಯ ಕಾರನ್ನು ಫಕ್ಕೀರಪ್ಪನೇ ಕೊಂಡ. ನನ್ನ ಗೋಡೆಯಲ್ಲಿ ತುಕ್ಕು ತೂತು ಕೊರೆಯಿತು, ನಾರಾಯಣಸಾ ಮೂತಿಯಿರುವ ಪ್ಲಾಸ್ಟಿಕ್ ತಟ್ಟೆಯೊಂದನ್ನು ತಂದ. ಅವಳ ವಿಷಯ ನಾನು ಮಾತಾಡುವುದಿಲ್ಲ. ಗುಜರಿಗೆ ಹೋಗಬೇಕಾದ ನನ್ನನ್ನು, "ಗಾಡಿ ಹನೀ ಹಾಕತೈತಿ, ಅಂಗಳ ಹೊಲಸ ಆಗತೈತಿ, ಕೊಡು ಅಣ್ಣಾ" ಎಂದು ಫಕ್ಕೀರಪ್ಪ ಕೇಳಿ ಒಯ್ದ. ತೂತು ತಳಕ್ಕಿಂತ ಮೇಲಿದೆ. ನಾಲ್ಕು ಹನಿಗೆ ಅಡ್ಡಿಯಿಲ್ಲ.

ಈಗ ನಾನು ಅವನ ಅಂಗಳದಲ್ಲಿ ಆ ಕಾರಿನ ಹೊಟ್ಟೆಯ ಕೆಳಗೇ ಇದ್ದೇನೆ. ಮುದಿ ಎಂಜಿನು ಆಗಾಗ ಒಂದು ಹನಿ ಬಿಡುತ್ತದೆ, ನಾನು ಹಿಡಿಯುತ್ತೇನೆ. ಮುಪ್ಪಿನಲ್ಲಿ ಮನಸ್ಸು ತಿಳಿಯಾಗುತ್ತದೆ ಎನ್ನುತ್ತಾರೆ. ಹಾವು ಪೊರೆ ಬಿಡುವ ಕತೆಯಷ್ಟೇ ನಿಜ ಅದು.

ಮೊನ್ನೆ ಕಾರಿಗೆ ಪೂಜೆಯಾಯಿತು. ಆರತಿಯ ಗಡಿಬಿಡಿಯಲ್ಲಿ ಮಾಲೆಯ ಒಂದು ಚೆಂಡುಹೂವು ಕಳಚಿ, ಉರುಳಿ, ನನ್ನ ಸೊಟ್ಟ ಅಂಚು ದಾಟಿ ಒಳಗೆ ಬಿತ್ತು. ನಾನು ಅಲುಗಾಡಲಿಲ್ಲ. ಫಕ್ಕೀರಪ್ಪ ಬಗ್ಗಿ ನೋಡಿದ. ಕೈ ಹಾಕಿ ಹೂ ಎತ್ತಿಕೊಂಡು, ಅಂಗಿಗೆ ಒರೆಸಿ, ಮತ್ತೆ ಕಾರಿಗೇ ಸಿಕ್ಕಿಸಿದ.